ಹಸಿ ಬಣ್ಣ

ಮಲ್ಪೆಯ ದಕ್ಕೆಯಲ್ಲಿ ಜುಲೈ ಎಂದರೆ
ದೋಣಿಗಳು ದಡಕ್ಕೆ ಬಂದು ಹೊಟ್ಟೆ ತೋರಿಸುವ ತಿಂಗಳು.
ನಾನು ಅವುಗಳ ಹೆಸರು ಬರೆಯುವವನು,
ಅಕ್ಷರಕ್ಕಿಷ್ಟು ಎಂದು.
ಒತ್ತಕ್ಷರಕ್ಕೆ ಬೇರೆ ದುಡ್ಡು ಕೇಳಿದರೆ ಬೈಯುತ್ತಾರೆ.

ಈ ಸಲ ಚಂದುವಕ್ಕನ ಪಾಲಿನ ದೋಣಿಗೆ ಹಸಿರು ಬೇಕಂತೆ.
ಯಾವ ಹಸಿರು?
ಶೆಣೈಯವರ ಅಂಗಡಿಯಲ್ಲಿ ಹಸಿರಿಗೆ ಹದಿನಾಲ್ಕು ನಂಬರು.
'ಪಾಚ್ವೊ ಅಂದ್ರೆ ಪಾಚ್ವೊ, ಅದರಲ್ಲೇನು ಮಾರಾಯ' ಎಂದು
ಹಳೇ ಡಬ್ಬಿಯೊಂದನ್ನು ದಾಟಿಸಲು ನೋಡಿದರು.

ಮೊದಲ ಕೋಟು ಕೊಟ್ಟು ಮೂರು ದಿನ.
ಮಳೆ ಬಿಡಲಿಲ್ಲ, ಬಣ್ಣ ಒಣಗಲಿಲ್ಲ.
ರಟ್ಟಿನ ತುಂಡಿಗೆ ಬರೆದು ತೂಗುಹಾಕಿದೆ:
ಹಸಿ ಬಣ್ಣ. ಮುಟ್ಟಬೇಡಿ.

ಅದನ್ನೋದಿ ನಿಂತಳು ಶಮೀಮಾ,
ನಿಘಂಟಿಗೆ ಮಾತು ಹೆಕ್ಕುವ ಹುಡುಗಿ,
ಕೈಯಲ್ಲಿ ಬಿಸ್ಕೆಟ್ ಡಬ್ಬಿ, ಡಬ್ಬಿ ತುಂಬ ಚೀಟಿ.
'ನಿಮ್ಮ ರಟ್ಟೂ ದೋಣಿಯೂ ಹೇಳುವುದು ಒಂದನ್ನೇ ಅಲ್ವಾ?
ಹಸಿ, ಹಸಿರು, ಒಂದೇ ಬಸಿರಿನವು.'

ಹಸಿಮಣ್ಣು, ಹಸಿಗಾಯ, ಹಸಿಬಾಣಂತಿ,
ಅವಳ ಮಗ್ಗುಲಲ್ಲಿ ಹಸುಳೆ,
ಬೇಯದ್ದು, ಬಾಡದ್ದು, ಮಾಯದ್ದು.
ಬಣ್ಣ ಆಮೇಲೆ ಬಂದು ಕೂತಿರಬಹುದು, ಅಂದಳು.
ಹಿಂದೆ ಪಸುರ್ ಅನ್ನುತ್ತಿದ್ದರಂತೆ, ಪಚ್ಚೆ ಅನ್ನುತ್ತಿದ್ದರಂತೆ.
ಕಾಲ ಹೋದ ಹಾಗೆ ಕನ್ನಡದ ತುಟಿ ಸಡಿಲಾಗಿ
ಪ ಹೋಯಿತು, ಬರೀ ಗಾಳಿ ಉಳಿಯಿತು: ಹ.

(ಹಸಿರೇ ಉಸಿರು ಎಂದು ಊರ ಗೋಡೆಗೆಲ್ಲ ಬರೆದವನು ನಾನೇ.
ಪಂಚಾಯತಿನ ಬಿಲ್ಲು ಇನ್ನೂ ಬಂದಿಲ್ಲ.)

ತುಳುವಿನಲ್ಲಿ ಇವತ್ತಿಗೂ ಪಜಿ, ಇವತ್ತಿಗೂ ಪಚ್ಚೆ.
'ನಮ್ಮ ಬ್ಯಾರಿಯಲ್ಲೂ ಪಚ್ಚೆಯೇ' ಎಂದು
ತನ್ನ ಮನೆಯ ಲೆಕ್ಕಕ್ಕೂ ಒಂದು ಚೀಟಿ ಬರೆದುಕೊಂಡಳು.

ಹಸಿವು? ಎಂದೆ. ಗಂಟೆ ಹನ್ನೆರಡೂವರೆ ಆಗಿತ್ತು.
ಅದಕ್ಕೆ ಬೇರೆ ಬೇರು, ಅಂದಳು.
ನನ್ನ ಹೊಟ್ಟೆ ಒಪ್ಪಲಿಲ್ಲ.

ಆಗ ಬಂದಳು ಚಂದುವಕ್ಕ,
ಪಜಿ ಮೀನಿಲ್ಲದ ತಿಂಗಳು, ಬುಟ್ಟಿಯಲ್ಲಿ ಒಣ ನಂಗು,
ಕೊಡೆ ಹಿಡಿದ ಮುಂಗೈಯಲ್ಲಿ ಒಂದು ಚೇಳು, ಮೂರು ಚುಕ್ಕೆ.
'ಹಚ್ಚೆಯಾ ಅಜ್ಜಿ?'
'ಪಚ್ಚೆ.'
ಎರಡೂ ತುಟಿ ಕೂಡಿಸಿ ತಿದ್ದಿದಳು.
ಎಲೆಯಡಿಕೆಯ ಒಂದು ಹನಿ ಚೀಟಿಗೆ ಸಿಡಿಯಿತು.

ಒಂಬತ್ತು ವರ್ಷಕ್ಕೆ, ಪಡುಕರೆಯ ಅಂಗಳದಲ್ಲಿ,
ಸೇರಕ್ಕಿ ಕೊಟ್ಟು ಚುಚ್ಚಿಸಿದ್ದು.
ಹಿಡಿದದ್ದು ಇಬ್ಬರು. ಒದೆ ತಿಂದದ್ದು ಮೂವರು.
'ಸೂಜಿಯಲ್ಲಿದ್ದದ್ದು ದೀಪದ ಮಸಿ, ಕಪ್ಪಂದ್ರೆ ಕಪ್ಪು.
ಗಾಯ ಮಾಯ್ದ ಮೇಲೆ ನೋಡಿದ್ರೆ ಇದು!
ಕಪ್ಪನ್ನ ಒಳಗೆ ಬಿಟ್ಟುಕೊಂಡ್ರೆ
ಮೈಯೇ ಪಚ್ಚೆ ಮಾಡ್ತದೆ ಮಗಾ.
ಸ್ವಲ್ಪ ಸಮಯ ಹಿಡೀತದೆ.'

ಶಮೀಮಾ ಅದನ್ನು ಬರೆದುಕೊಳ್ಳಲಿಲ್ಲ.
ಚೀಟಿಯಲ್ಲಿ ಅಷ್ಟು ಜಾಗ ಇರಲಿಲ್ಲವೋ ಏನೋ.

ನಾನು ಮೂವತ್ತು ವರ್ಷ ಮೇಲಿಂದ ಮೇಲೆ ಬಳಿದವನು.
ಪ್ರತಿ ವರ್ಷ ಉಪ್ಪು ನೀರು ತಿನ್ನುತ್ತದೆ,
ಪ್ರತಿ ವರ್ಷ ಅದೇ ದೋಣಿ, ಅದೇ ಹೆಸರು,
ಅದೇ ಚೌಕಾಸಿ.
ಒಳಗಿಳಿಯುವ ಬಣ್ಣ ಶೆಣೈಯವರಲ್ಲಿ ಇಲ್ಲ.

ರಟ್ಟನ್ನು ಓದಿಯೂ ದೋಣಿಗೆ ಕೈಯೂರಿ
ಬುಟ್ಟಿ ಎತ್ತಿದಳು ಚಂದುವಕ್ಕ.
ತೆಗೆದಾಗ ಪಚ್ಚೆಯ ಮೇಲೆ ಪಚ್ಚೆ,
ಚೇಳು ಎಲ್ಲೋ ಅಡಗಿ ಕೂತಿತ್ತು.
ದೋಣಿಯ ಮೈಯಲ್ಲಿ ಅವಳ ಚರ್ಮದ ಗೆರೆ,
ಬಿದಿರಿನ ತಟ್ಟಿಯ ಹಾಗೆ.
ತಿದ್ದಲು ಬ್ರಷ್ ಅದ್ದಿದೆ. ಅದ್ದಿ,
ಡಬ್ಬಿಯ ಅಂಚಿಗೆ ಒರೆಸಿ ಇಟ್ಟೆ.

'ಒಣಗಿತಾ?'
ಆಚೆ ದೋಣಿಯಿಂದ ದೂಮಣ್ಣನ ಕೂಗು.
ಇಲ್ಲ ಎನ್ನಲು ಬಾಯಿ ತೆರೆದವನಿಗೆ
ತುಟಿಗಳೇ ಬಂದು ಕೂಡಿಕೊಂಡವು:
'ಪಜಿ. ಇನ್ನೂ ಪಜಿ.'